ರೈತನ ಮಗ ಒಣಗಿಸಿದ ಹುಲ್ಲು

ಹೊಲದಲ್ಲಿ ಗರಿಕೆ ಕಂಡರೆ ನಮ್ಮಪ್ಪನಿಗೆ ಆಗುತ್ತಿರಲಿಲ್ಲ. ತುಮಕೂರು ಸೀಮೆಯ ನಮ್ಮ ಕೆಂಪು ನೆಲದಲ್ಲಿ ರಾಗಿ ಸಾಲಿನ ನಡುವೆ ಗರಿಕೆ, ಕೊನ್ನಾರಿ ಎರಡೂ ಹಟಕ್ಕೆ ಬಿದ್ದು ಹಬ್ಬುತ್ತಿದ್ದವು. ಕುಂಟೆ ಹೊಡೆದರೂ, ಕೂತು ಕಳೆ ಕಿತ್ತರೂ, ಒಂದು ಗಿಣ್ಣು ನೆಲದಲ್ಲಿ ಉಳಿದರೆ ಸಾಕು, ಮುಂದಿನ ಹದ ಮಳೆಗೆ ಮತ್ತೆ ಹಾಜರ್. ಅಂಥ ಗರಿಕೆಯನ್ನು ನಾನು ಬೆಂಗಳೂರಿನಲ್ಲಿ ಚದರ ಅಡಿ ಲೆಕ್ಕದಲ್ಲಿ ದುಡ್ಡು ಕೊಟ್ಟು ತಂದು, ಅಂಗಳಕ್ಕೆ ಹಾಸಿ, ದಿನಾ ನೀರುಣಿಸಿ, ಒಂದೇ ಬೇಸಿಗೆಯಲ್ಲಿ ಮುಕ್ಕಾಲು ಪಾಲು ಕೊಂದೆ. ಅಪ್ಪ ಬದುಕಿದ್ದರೆ, ‘ಈ ವಿದ್ಯೆ ಗೊತ್ತಿದೆ ಅಂತ ಮೊದಲೇ ಹೇಳಿದ್ದರೆ ಹೊಲಕ್ಕೆ ಕರೆಸಿಕೊಳ್ತಿದ್ದೆನಲ್ಲೋ’ ಎನ್ನುತ್ತಿದ್ದರೇನೋ.

ನಗರದ ಪಶ್ಚಿಮದ ಅಂಚಿನಲ್ಲಿ 60–40 ಸೈಟಿನಲ್ಲಿ ಮನೆ ಕಟ್ಟಿಸಿದಾಗ ಮುಂದೆ ಸುಮಾರು 600 ಚದರ ಅಡಿ ಬಿಟ್ಟಿದ್ದೆವು. ಹೆಂಡತಿಗೆ ಅಲ್ಲಿ ಬದನೆ, ನುಗ್ಗೆ, ಕರಿಬೇವು ಹಾಕುವ ಆಸೆ. ನನಗೆ ಲಾನ್ ಬೇಕಿತ್ತು. ಬೆಳಗ್ಗೆ ಬರಿಗಾಲಲ್ಲಿ ನಡೆಯಬೇಕು, ಸಂಜೆ ಕುರ್ಚಿ ಹಾಕಿ ಕಾಫಿ ಕುಡಿಯಬೇಕು, ದಾರಿಯಲ್ಲಿ ಹೋಗುವವರು ಗೇಟಿನ ಹತ್ತಿರ ಒಂದು ಕ್ಷಣ ನಿಲ್ಲಬೇಕು. ನರ್ಸರಿಯವನು ನಾಲ್ಕೇ ಮಾತಲ್ಲಿ ಪಾಠ ಮುಗಿಸಿದ: ಬಿಸಿಲಿದ್ದರೆ ಬರ್ಮುಡಾ, ಮೆತ್ತಗಿರಬೇಕು ಅಂದರೆ ಮೆಕ್ಸಿಕನ್, ನೆರಳಿದ್ದರೆ ಬಫೆಲೊ. ನಮ್ಮದು ಪಶ್ಚಿಮಕ್ಕೆ ಮುಖ ಮಾಡಿದ ಅಂಗಳ, ಬಿಸಿಲಿಗೆ ಬರವಿಲ್ಲ. ಬರ್ಮುಡಾ ಎಂದೆ. ಸುರುಳಿ ಬಿಚ್ಚಿದಾಗ ನೋಡಿದರೆ, ಹೆಸರು ಬದಲಾಯಿಸಿಕೊಂಡು ಬಂದಿದ್ದ ನಮ್ಮ ಹೊಲದ ಗರಿಕೆಯೇ.

‘ಮಣ್ಣು ರೆಡಿ ಮಾಡಿಸಿದ್ದೀರಾ ಸಾರ್?’ ಎಂದು ಕೇಳಿದ. ‘ಎಲ್ಲ ಆಗಿದೆ’ ಎಂದೆ. ಆಗಿದ್ದೇನೆಂದರೆ, ಗಾರೆ ಕೆಲಸದವರು ಬಿಟ್ಟುಹೋದ ಜಲ್ಲಿ, ಇಟ್ಟಿಗೆ ಚೂರು, ಗಟ್ಟಿಯಾದ ಸಿಮೆಂಟ್ ಹೆಂಟೆಗಳ ಮೇಲೆ ಎರಡು ಮೂರು ಇಂಚು ಕೆಮ್ಮಣ್ಣು ಎಳೆಸಿ ಮಟ್ಟ ಮಾಡಿಸಿದ್ದು. ಮೇಲಿನಿಂದ ನೋಡಲು ಚೆನ್ನಾಗಿತ್ತು.

ಅದು 2022. ಆ ವರ್ಷ ಬೆಂಗಳೂರಿನಲ್ಲಿ ದಾಖಲೆ ಮಳೆ. ಹೊರವರ್ತುಲ ರಸ್ತೆಯಲ್ಲಿ ಜನ ಟ್ರ್ಯಾಕ್ಟರ್ ಏರಿ ಆಫೀಸಿಗೆ ಹೋದ ವರ್ಷ. ನಮ್ಮ ಅಂಗಳದಲ್ಲಿ ಹುಲ್ಲು ಹಾಸಿದ್ದೇ ತಡ, ತೇಪೆಗಳ ಅಂಚು ಕೂಡಿಕೊಂಡು ಹಸಿರು ಒಂದಾಯಿತು. ಮರುವರ್ಷ ಮೇ ತಿಂಗಳಲ್ಲೂ ಜೋರು ಮಳೆ ಬಿದ್ದು ಬೇಸಿಗೆ ಬಂದದ್ದೇ ಗೊತ್ತಾಗಲಿಲ್ಲ. ಗೇಟಿನ ಹತ್ತಿರ ನಿಂತವರಿಗೆ ನಾನು ಲಾನ್ ಸಾಕುವುದು ಹೇಗೆ ಎಂದು ಉಪದೇಶ ಶುರುಮಾಡಿದ್ದೆ. ಮಳೆರಾಯ ಮಾಡಿದ ಕೆಲಸಕ್ಕೆ ಸಂಬಳ ನಾನು ಎಣಿಸಿಕೊಳ್ಳುತ್ತಿದ್ದೆ.

ನನ್ನ ಪದ್ಧತಿ ಸರಳ. ದಿನಾ ಸಂಜೆ ಆಫೀಸಿನಿಂದ ಬಂದು, ಪ್ಯಾಂಟು ಮಡಚಿ, ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಕಾಲು ಗಂಟೆ ನೀರು ಚಿಮುಕಿಸುವುದು. ಎಲೆ ತೊಳೆದು ಮಿರುಗುತ್ತಿತ್ತು, ಮಣ್ಣಿನ ವಾಸನೆ ಏಳುತ್ತಿತ್ತು, ದಿನದ ದಣಿವು ಇಳಿಯುತ್ತಿತ್ತು. ಅದು ಹುಲ್ಲಿಗಿಂತ ನನಗೇ ಬೇಕಾಗಿದ್ದ ಉಪಚಾರ.

2023ರ ಮುಂಗಾರು ಕೈಕೊಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಸರ್ಕಾರ ಬರಪೀಡಿತ ಎಂದು ಘೋಷಿಸಿತು. 2024ರ ಮಾರ್ಚ್ ಹೊತ್ತಿಗೆ ಬೆಂಗಳೂರಿನ ಬೋರ್‌ವೆಲ್‌ಗಳು ಒಂದೊಂದಾಗಿ ಗಾಳಿ ಉಗುಳತೊಡಗಿದವು. ಕೈತೋಟಕ್ಕೆ, ಕಾರು ತೊಳೆಯಲು ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಎಂದು ಜಲಮಂಡಳಿ ಆದೇಶ ಹೊರಡಿಸಿತು. ನಮ್ಮ ಲಾನಿಗೆ ಬೀಳುತ್ತಿದ್ದುದು ಬೋರಿನ ನೀರು. ಆದೇಶ ನನಗಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಎದುರು ಸಾಲಿನ ಬಾಡಿಗೆ ಮನೆಗಳವರು ಕ್ಯಾನ್ ಹಿಡಿದು ಸಾಲು ನಿಲ್ಲುವುದು ಕಂಡಮೇಲೆ, ಕತ್ತಲಾದ ಬಳಿಕ ಪೈಪು ಹಿಡಿಯತೊಡಗಿದೆ. ತಪ್ಪು ಎಂದು ಗೊತ್ತಿಲ್ಲದವನು ಕತ್ತಲೆಗೆ ಕಾಯುವುದಿಲ್ಲ.

ಆಮೇಲೆ ನಮ್ಮ ಬೋರೂ ಕೆಮ್ಮಿತು. ಆಗ ನಾನು ಮಾಡಿದ ಉಳಿತಾಯವೇ ಲಾನಿಗೆ ಮುಳುವಾದದ್ದು. ಕಾಲು ಗಂಟೆಯ ನೀರನ್ನು ಐದು ನಿಮಿಷಕ್ಕೆ ಇಳಿಸಿದೆ, ದಿನ ತಪ್ಪಿಸಲಿಲ್ಲ. ದಿನಾ ಒಂದಿಷ್ಟು ಬಿದ್ದರೆ ಜೀವ ಹಿಡಿದುಕೊಂಡಿರುತ್ತದೆ ಎಂಬ ನಂಬಿಕೆ. ಕಡಿಮೆ ಮಾಡಬೇಕಾಗಿದ್ದುದು ದಿನಗಳನ್ನು, ನಾನು ಕಡಿಮೆ ಮಾಡಿದ್ದು ನಿಮಿಷಗಳನ್ನು.

ಎರಡನೇ ಬುದ್ಧಿವಂತಿಕೆ ಕತ್ತರಿಯದು. ಹುಲ್ಲು ಗಿಡ್ಡವಿದ್ದರೆ ಕಡಿಮೆ ನೀರು ಕುಡಿಯುತ್ತದೆ ಎಂದು ನನ್ನದೇ ತರ್ಕ ಹೂಡಿ, ಮೋವರಿನ ಬ್ಲೇಡನ್ನು ಕೊನೆಯ ಗುಂಡಿಗೆ ಇಳಿಸಿ ಬೋಳಿಸಿದೆ. ಎಲೆ ಹೋಗಿ ಕಂದು ಕಡ್ಡಿ ಉಳಿಯಿತು. ಕಡ್ಡಿಗಳ ನಡುವೆ ಮಣ್ಣು ಕಾಣಿಸಿತು. ಮಧ್ಯಾಹ್ನ ಅದರ ಮೇಲೆ ಅಂಗೈ ಇಟ್ಟರೆ ಚುರ್ ಎನ್ನುತ್ತಿತ್ತು.

ಮೂರನೆಯದು ಯೂರಿಯಾ. ಬಣ್ಣ ಹಳದಿಗೆ ತಿರುಗಿದ್ದು ನೋಡಿ, ಸಾರಜನಕದ ಕೊರತೆ ಎಂದು ನಾನೇ ರೋಗ ಗುರುತಿಸಿ ನಾನೇ ಮದ್ದು ಬರೆದೆ. ಊರಿನಿಂದ ತಂದಿದ್ದ ಅರ್ಧ ಚೀಲವಿತ್ತು. ಭತ್ತದ ಗದ್ದೆಗೆ ಎರಚುವ ಹಾಗೆ ಕೈ ಬೀಸಿ ಎರಚಿದೆ, ಮೇಲೆ ಐದು ನಿಮಿಷದ ನೀರು. ಮೂರನೇ ದಿನಕ್ಕೆ ಅಂಗಳದಲ್ಲಿ ಕಮಾನು ಕಮಾನಾಗಿ ಸುಟ್ಟ ಪಟ್ಟಿಗಳು ಎದ್ದವು. ಕಾಳು ದಟ್ಟವಾಗಿ ಬಿದ್ದ ಕಡೆ ಕಪ್ಪಗೆ, ತೆಳುವಾದ ಕಡೆ ಹುಲ್ಲಿನ ತುದಿ ಮಾತ್ರ ಬಿಳಿಚಿಕೊಂಡು. ನನ್ನ ತೋಳು ಎಲ್ಲಿಂದ ಎಲ್ಲಿಗೆ ಬೀಸಿತ್ತು ಎಂದು ಯಾರು ಬೇಕಾದರೂ ಓದಬಹುದಿತ್ತು.

ಆ ಏಪ್ರಿಲ್‌ನಲ್ಲಿ ರೇವತಿ ಮಳೆಯೂ ಬರಲಿಲ್ಲ, ಅಶ್ವಿನಿ ಮಳೆಯೂ ಬರಲಿಲ್ಲ. 28ರಂದು ನಗರದ ತಾಪಮಾನ 38.5 ಡಿಗ್ರಿ ಮುಟ್ಟಿತು. ನನ್ನ ಲಾನ್ ಆಗಲೇ ಚಾಪೆಯ ಬಣ್ಣಕ್ಕೆ ಬಂದಿತ್ತು. ಒಂದು ಮೂಲೆ ಬಿಟ್ಟು. ಸಂಪಿನ ಪಕ್ಕದ, ಒಂದು ಮಂಚದಗಲದ ಜಾಗ ಹಸಿರಾಗಿಯೇ ಇತ್ತು. ಪೈಪು ಅಲ್ಲಿಗೆ ನಿಲುಕದ ಕಾರಣ ಆ ಮೂಲೆಗೆ ನಾನು ನೀರೇ ಹಾಕುತ್ತಿರಲಿಲ್ಲ, ಮೋವರೂ ತಿರುಗುತ್ತಿರಲಿಲ್ಲ.

ಸಂಸ್ಥೆಯೊಂದರ ಉದ್ಯಾನದಲ್ಲಿ ಬಹಳ ವರ್ಷ ದುಡಿದು ನಿವೃತ್ತರಾದ ಪರಿಚಯದ ಮಾಲಿಯೊಬ್ಬರನ್ನು ಕರೆಸಿದೆ. ಹೊಸ ಹುಲ್ಲು ಎಷ್ಟಾಗುತ್ತದೆ ಎಂದು ಕೇಳುವುದಷ್ಟೇ ನನ್ನ ಉದ್ದೇಶ. ಅವರು ಹುಲ್ಲು ನೋಡಲೇ ಇಲ್ಲ. ‘ಸ್ಕ್ರೂಡ್ರೈವರ್ ಇದ್ರೆ ಕೊಡಿ’ ಎಂದರು. ಅಂಗಳದ ನಡುವೆ ಕುಕ್ಕರಗಾಲಲ್ಲಿ ಕೂತು ನೆಲಕ್ಕೆ ಒತ್ತಿದರು. ಒಂದು ಇಂಚು ಇಳಿದು ಟಕ್ ಎಂದು ನಿಂತಿತು. ನಾಲ್ಕು ಕಡೆ ಒತ್ತಿದರು, ನಾಲ್ಕು ಕಡೆಯೂ ಅಷ್ಟೇ. ಎದ್ದು ಹೋಗಿ ಸಂಪಿನ ಮೂಲೆಯಲ್ಲಿ ಒತ್ತಿದರು. ಹಿಡಿಯವರೆಗೆ ಹೋಯಿತು.

ಬಳಿಕ ಕುರ್ಪಿಯಿಂದ ಎರಡೂ ಕಡೆ ಒಂದೊಂದು ಚೌಕ ಕೆತ್ತಿ ತೆಗೆದು, ಮೆಟ್ಟಿಲ ಮೇಲೆ ಅಕ್ಕಪಕ್ಕ ಇಟ್ಟರು. ನಾನು ದಿನಾ ನೀರು ಹಾಕಿದ ಚೌಕದಲ್ಲಿ ಬೇರುಗಳು ಕೂದಲೆಳೆಯಷ್ಟು ತೆಳ್ಳಗೆ, ಅರ್ಧ ಬೆರಳು ಇಳಿದು ಅಲ್ಲೇ ಅಡ್ಡಡ್ಡ ಹಬ್ಬಿದ್ದವು. ಕೆಳಗೆ ಸಿಮೆಂಟಿನ ಬಿಳಿ ಪದರ. ನಾನು ಕಡೆಗಣಿಸಿದ ಮೂಲೆಯ ಚೌಕದಲ್ಲಿ ದಪ್ಪ ಬಿಳಿ ಬೇರು ಕುರ್ಪಿಯ ಆಳವನ್ನೂ ಮೀರಿ ತುಂಡಾಗಿತ್ತು. ಸಂಪು ತೋಡಿದಾಗ ಅಲ್ಲಿ ಅವಶೇಷ ತೆಗೆದು ಬರೀ ಮಣ್ಣು ತುಂಬಿದ್ದರು. ಬೋರು ಕೈಕೊಟ್ಟಮೇಲೆ ಮನೆಬಳಕೆಗೆ ಟ್ಯಾಂಕರ್ ತರಿಸುತ್ತಿದ್ದೆವಲ್ಲ, ಪ್ರತಿ ಸಲ ಪೈಪು ಕಳಚುವಾಗ ಅದರ ಹೊಟ್ಟೆಯಲ್ಲಿ ಉಳಿದ ನೀರೆಲ್ಲ ಆ ಮೂಲೆಗೆ ಸುರಿಯುತ್ತಿತ್ತು. ಹತ್ತು ಹನ್ನೆರಡು ದಿನಕ್ಕೊಮ್ಮೆ, ಆದರೆ ನೆಲ ನೆನೆದು ತೊಯ್ಯುವಷ್ಟು.

‘ಊರಲ್ಲಿ ಗರಿಕೆ ಹೆಂಗೆ ಸಾಯಿಸ್ತೀರಿ?’ ಎಂದು ಕೇಳಿದರು.

‘ಮಾಗಿ ಉಳುಮೆ ಮಾಡಿ, ಬೇರು ಗಿಣ್ಣೆಲ್ಲ ಮೇಲಕ್ಕೆ ಹಾಕಿ ಬಿಸಿಲಿಗೆ ಬಿಡ್ತೀವಿ.’

‘ನೀವು ಮಾಡಿರೋದೂ ಅದೇ. ನೇಗಿಲು ಇರ್ಲಿಲ್ಲ ಅಷ್ಟೆ.’

ಅವರು ಹೋದಮೇಲೆ ಬಕೀಟು ತಂದು ಲೆಕ್ಕಕ್ಕೆ ಕೂತೆ. ನಮ್ಮ ಪೈಪಿನಿಂದ 15 ಲೀಟರಿನ ಬಕೀಟು ಒಂದು ನಿಮಿಷಕ್ಕೆ ತುಂಬುತ್ತದೆ. ಐದು ನಿಮಿಷಕ್ಕೆ 75 ಲೀಟರ್. 600 ಚದರ ಅಡಿ ಎಂದರೆ ಸುಮಾರು 56 ಚದರ ಮೀಟರ್. ಒಂದು ಚದರ ಮೀಟರಿಗೆ ಒಂದು ಲೀಟರ್ ಬಿದ್ದರೆ ಒಂದು ಮಿಲಿಮೀಟರ್ ಮಳೆ ಬಂದಂತೆ. ಹಾಗಾದರೆ ನಾನು ದಿನಾ ಕೊಡುತ್ತಿದ್ದುದು ಒಂದೂಕಾಲು ಮಿಲಿಮೀಟರ್ ಚಿಲ್ಲರೆ ಮಳೆ. ಏಪ್ರಿಲ್ ಬಿಸಿಲಿಗೆ ಅದು ಮರುದಿನ ಮಧ್ಯಾಹ್ನದೊಳಗೆ ಆವಿ. ಮಣ್ಣಿನ ಮೇಲಿನ ಒಂದು ಇಂಚು ದಾಟಿ ಅದು ಕೆಳಗೆ ಇಳಿದದ್ದೇ ಇಲ್ಲ. ನೀರು ಎಲ್ಲಿದೆಯೋ ಬೇರು ಅಲ್ಲಿ. ಕೈತುತ್ತು ಹಾಕಿಯೇ ಬೆಳೆಸಿದ ಮಗು ತಾನಾಗಿ ತಟ್ಟೆಗೆ ಕೈ ಹಾಕೀತೇ? ಒಳ್ಳೆಯ ಮಣ್ಣು ಸಿಕ್ಕರೆ ಮೀಟರಿಗೂ ಆಳ ಇಳಿಯಬಲ್ಲ ಗರಿಕೆಯ ಬೇರು ಮೇಲೆಯೇ ಉಳಿದು, ಬಿಸಿಲಿಗೆ ಸಿಕ್ಕಿಕೊಂಡಿತು.

ಹೊಟ್ಟೆ ಉರಿಸಿದ ಲೆಕ್ಕ ಇನ್ನೊಂದಿದೆ. ದಿನಕ್ಕೆ 75 ಲೀಟರ್ ಎಂದರೆ ಎರಡು ವಾರಕ್ಕೆ 1,050 ಲೀಟರ್. ಅದನ್ನೇ ಕೂಡಿಟ್ಟು ಒಂದೇ ಬೆಳಗ್ಗೆ ಕೊಟ್ಟಿದ್ದರೆ ಸುಮಾರು 19 ಮಿಲಿಮೀಟರ್, ಒಂದು ಹದ ಮಳೆ. ಹುಲ್ಲು ಹಸಿರಾಗಿ ಇರುತ್ತಿರಲಿಲ್ಲ, ನಿಜ; ಎಲೆ ಒಣಗುತ್ತಿತ್ತು. ಆದರೆ ಬುಡ ಮತ್ತು ಗಿಣ್ಣು ಜೀವ ಹಿಡಿದು ಮಳೆಗೆ ಕಾಯುತ್ತಿದ್ದವು. ನೀರು ಅಷ್ಟೇ, ಖರ್ಚು ಅಷ್ಟೇ. ಬರಗಾಲದಲ್ಲಿ ಒಂದು ಸಾವಿರ ಚಿಲ್ಲರೆ ಲೀಟರನ್ನು ಎರಡೆರಡು ವಾರಕ್ಕೊಮ್ಮೆ ಗಾಳಿಗೆ ತೂರಿದೆನಲ್ಲ ಎಂಬುದು, ಲಾನ್ ಹೋದದ್ದಕ್ಕಿಂತ ಹೆಚ್ಚು ಕಾಡಿದ ಸಂಗತಿ.

ಕತ್ತರಿಯ ಕಥೆಯೂ ಅಲ್ಲಿಗೇ ಬರುತ್ತದೆ. ಬೇರಿಗೆ ಊಟ ಕಳಿಸುವುದು ಎಲೆ. ಎಲೆ ಬೋಳಿಸಿದರೆ ಹುಲ್ಲು ಮೊದಲು ಎಲೆ ಮತ್ತೆ ತೊಡಲು ನೋಡುತ್ತದೆ, ಬೇರಿನ ಬೆಳವಣಿಗೆ ನಿಲ್ಲಿಸುತ್ತದೆ. ಒಂದು ಸಲಕ್ಕೆ ಎತ್ತರದ ಮೂರನೇ ಒಂದು ಪಾಲಿಗಿಂತ ಹೆಚ್ಚು ಕತ್ತರಿಸಬಾರದು ಎಂಬುದು ಲಾನ್ ಬಲ್ಲವರೆಲ್ಲ ಹೇಳುವ ಮಾತು. ಬರ್ಮುಡಾವನ್ನು ಒಂದು, ಒಂದೂವರೆ ಇಂಚಿಗೆ ಇಡುವುದು ರೂಢಿ. ಬೇಸಿಗೆಯಲ್ಲಿ ಎರಡು ಇಂಚಿಗೆ ಏರಿಸಬೇಕು. ಎಲೆಯ ನೆರಳು ಮಣ್ಣಿಗೆ ಬಿದ್ದು ತೇವ ನಿಲ್ಲುತ್ತದೆ, ಬುಡ ಸುಡುವುದಿಲ್ಲ. ಗಾಲ್ಫ್ ಮೈದಾನದಲ್ಲಿ ಇದೇ ಹುಲ್ಲನ್ನು ನೆಲಕ್ಕಂಟಿ ಕತ್ತರಿಸುತ್ತಾರಲ್ಲ ಎಂದು ವಾದಿಸಬಹುದು. ನಾನೂ ವಾದಿಸಿದ್ದೆ. ಅಲ್ಲಿ ನೀರಿನ ಜಾಲವಿದೆ, ಮರಳಿನ ಹಾಸು ಇದೆ, ಹಗಲೆಲ್ಲ ಅದೇ ಕೆಲಸಕ್ಕೆ ಆಳುಗಳಿದ್ದಾರೆ.

ಯೂರಿಯಾದಲ್ಲಿ ಶೇ. 46ರಷ್ಟು ಸಾರಜನಕ. ಸಾರಜನಕ ಸಿಕ್ಕಿದ ಹುಲ್ಲು ಎಲೆ ಚಿಗುರಿಸಲು ಹೊರಡುತ್ತದೆ; ಎಲೆ ಹೆಚ್ಚಿದಷ್ಟೂ ನೀರು ಬೇಕು. ನೀರಿಲ್ಲದ ತಿಂಗಳಲ್ಲಿ ಹಸಿವೆ ಹೆಚ್ಚಿಸುವ ಮದ್ದು ಕೊಟ್ಟೆ. ಸಾಲದ್ದಕ್ಕೆ, ಒಣಮಣ್ಣಿನಲ್ಲಿ ಕರಗಿದ ಗೊಬ್ಬರ ಉಪ್ಪಿನ ಹಾಗೆ ಬೇರಿನಿಂದಲೇ ನೀರು ಎಳೆಯುತ್ತದೆ. ಹಳದಿ ಬಣ್ಣ ಹಸಿವೆಯದಾಗಿರಲಿಲ್ಲ, ಬಾಯಾರಿಕೆಯದು. ಎರಡರ ವ್ಯತ್ಯಾಸ ತಿಳಿಯಲು ಈಗ ನನಗೊಂದು ಪರೀಕ್ಷೆ ಗೊತ್ತು: ಸಂಜೆ ಹುಲ್ಲಿನ ಮೇಲೆ ನಡೆದು ತಿರುಗಿ ನೋಡಬೇಕು. ಹೆಜ್ಜೆ ಗುರುತು ಎದ್ದುಕೊಳ್ಳದೆ ಹಾಗೇ ಮಲಗಿದ್ದರೆ, ಬಣ್ಣ ಹಸಿರಿನಿಂದ ಬೂದು ನೀಲಿಗೆ ತಿರುಗಿದ್ದರೆ, ಅದು ನೀರು ಕೇಳುತ್ತಿದೆ. ಅಲ್ಲಿಯವರೆಗೆ ಪೈಪು ಮುಟ್ಟುವ ಅಗತ್ಯವಿಲ್ಲ.

ಭರಣಿ ಮಳೆ ಮೇ ಮೊದಲ ವಾರ ಬಂತು. ಮಾಲಿ ಹೇಳಿದ್ದ ಹಾಗೆ, ಮಳೆಗೆ ಮುಂಚೆ ಕಂದು ಹುಲ್ಲನ್ನು ಹಿಡಿದೆಳೆದು ನೋಡಿದ್ದೆ. ಹಿಡಿ ಹಿಡಿಯಾಗಿ ಕೈಗೆ ಬಂದದ್ದು ಸತ್ತದ್ದು. ಬಿಗಿಯಾಗಿ ನಿಂತದ್ದು ಜೀವ ಇರುವುದು. ಕಾಲು ಭಾಗ ನಿಂತಿತ್ತು. ಮಳೆ ಬಿದ್ದ ವಾರದಲ್ಲೇ ಆ ಕಾಲು ಭಾಗದ ಗಿಣ್ಣುಗಳಲ್ಲಿ ಹಸಿರು ಮೊಳೆ ಕಂಡಿತು. ಉಳಿದದ್ದು ಹಾಗೇ ಇತ್ತು.

ಮೃಗಶಿರ ಮಳೆ ಹಿಡಿದಾಗ ಅಗೆಸಲು ನಿಂತೆ. ತೆಗೆದ ಜಲ್ಲಿ, ಗಾರೆ ಹೆಂಟೆ ಗೇಟಿನ ಪಕ್ಕ ಗುಡ್ಡೆಯಾಯಿತು. ಒಂದು ಗುದ್ದಲಿ ಆಳಕ್ಕೆ ಮಣ್ಣು ಸಡಿಲಿಸಿ, ಕೊಳೆತ ಕೊಟ್ಟಿಗೆ ಗೊಬ್ಬರ, ಸ್ವಲ್ಪ ಮರಳು ಕೂಡಿಸಿದೆವು. ಹೊಸ ಸುರುಳಿ ಕೊಳ್ಳಲಿಲ್ಲ. ಬದುಕುಳಿದ ಹುಲ್ಲನ್ನೇ ಚಿಕ್ಕ ಚಿಕ್ಕ ಬುಡವಾಗಿ ಬಿಡಿಸಿ, ಅರ್ಧ ಅಡಿಗೊಂದರಂತೆ ನೆಟ್ಟೆವು. ಗರಿಕೆಗೆ ಹಬ್ಬುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಆ ವರ್ಷದ ಗಣೇಶನಿಗೆ 21 ಗರಿಕೆ ನಮ್ಮ ಅಂಗಳದ್ದೇ ಆಯಿತು.

ಆದರೆ 600 ಚದರ ಅಡಿಗೂ ನೆಡಲಿಲ್ಲ. ಅಂಗಳದಲ್ಲಿದ್ದ ಹೊಂಗೆ ಮರದ ಕೆಳಗೆ ಬರ್ಮುಡಾ ಎಂದೂ ಚೆನ್ನಾಗಿ ಬಂದಿರಲಿಲ್ಲ, ಅದಕ್ಕೆ ಪೂರ್ತಿ ಬಿಸಿಲು ಬೇಕು. ಅಲ್ಲಿ ತರಗೆಲೆ ಮುಚ್ಚಿಗೆ ಹಾಕಿ ಸುಮ್ಮನಾದೆ. ಕಾಂಪೌಂಡಿನ ಅಂಚು ಹೆಂಡತಿಯ ಬದನೆ ನುಗ್ಗೆಗೆ ಹೋಯಿತು. ನಡೆಯಲು, ಕೂರಲು ನಿಜಕ್ಕೂ ಬಳಸುವ ಜಾಗ ಎಷ್ಟು ಎಂದು ಅಳೆದಾಗ ಸಿಕ್ಕಿದ್ದು 250 ಚದರ ಅಡಿ. ಉಳಿದದ್ದೆಲ್ಲ ದಾರಿಹೋಕರ ಮೆಚ್ಚುಗೆಗಾಗಿ ನೀರು ಕುಡಿಯುತ್ತಿತ್ತು.

ಈಗಿನ ಕ್ರಮ ಹೀಗಿದೆ. ಕಾಳು ಗೊಬ್ಬರ ಕೊಡುವುದು ಜೂನ್ ಮಳೆ ಹಿಡಿದ ಮೇಲೆ ಒಮ್ಮೆ, ಮಳೆಗಾಲ ಮುಗಿಯುವ ಮುನ್ನ ಇನ್ನೊಮ್ಮೆ; ಫೆಬ್ರುವರಿಯಿಂದ ಮೇವರೆಗೆ ಕಾಳೂ ಇಲ್ಲ. ಚಳಿಗಾಲ ಮುಗಿಯುವಾಗ ಮೊನೆಗುದ್ದಲಿ ಊರಿ ನೆಲಕ್ಕೆ ತೂತು ಮಾಡಿ, ಜರಡಿ ಹಿಡಿದ ಕೊಟ್ಟಿಗೆ ಗೊಬ್ಬರ, ಮರಳು ಉದುರಿಸಿ ಗುಡಿಸುತ್ತೇನೆ. ನೀರು ಕೊಡುವುದು ಸೂರ್ಯ ಏಳುವ ಹೊತ್ತಿಗೆ. ಸಂಜೆಯ ನೀರು ರಾತ್ರಿಯಿಡೀ ಎಲೆಯ ಮೇಲೆ ನಿಂತು ಶಿಲೀಂಧ್ರಕ್ಕೆ ಆಸರೆಯಾಗುತ್ತದೆ. ಮಾರ್ಚ್‌ವರೆಗೆ ವಾರಕ್ಕೊಮ್ಮೆ, ಅಂಗಳದಲ್ಲಿಟ್ಟ ಚಪ್ಪಟೆ ಡಬ್ಬಿಯಲ್ಲಿ ಒಂದು ಇಂಚು ನಿಲ್ಲುವಷ್ಟು. ಅಷ್ಟು ನೀರು ಅರ್ಧ ಅಡಿಯವರೆಗೆ ಇಳಿಯುತ್ತದೆ. ಇಳಿಯಿತೇ ಎಂದು ಸ್ಕ್ರೂಡ್ರೈವರ್ ಹೇಳುತ್ತದೆ. ನೀರು ಹರಿದು ಗೇಟಿನತ್ತ ಹೊರಟರೆ ಅರ್ಧ ಗಂಟೆ ಬಿಟ್ಟು ಮತ್ತೆ ಕೊಡುತ್ತೇನೆ. 250 ಚದರ ಅಡಿಗೆ ಇದು ಸುಮಾರು 590 ಲೀಟರ್. ಸಂಪಿನಲ್ಲಿ ನೀರು ಕುಸಿಯತೊಡಗಿದರೆ ಹಸಿರಿನ ಆಸೆ ಬಿಟ್ಟು ಎರಡು ವಾರಕ್ಕೊಮ್ಮೆ ಒಂದು ಹದ ನೆನೆಸುವುದು, ಎಲೆ ಒಣಗಲು ಬಿಡುವುದು.

ಅಡುಗೆಮನೆಯಲ್ಲಿ ಅಕ್ಕಿ, ತರಕಾರಿ ತೊಳೆದ ನೀರು ಒಂದು ಡ್ರಮ್ಮಿಗೆ ಹೋಗುತ್ತದೆ. ಫಿಲ್ಟರಿನಿಂದ ಹೊರಬೀಳುವ ಆರ್‌ಒ ನೀರನ್ನು ಹುಲ್ಲಿಗೆ ಹಾಕಿ ಎಂದು ಹಲವರು ಹೇಳಿದರು. ಬೋರಿನ ನೀರಿನ ಉಪ್ಪೆಲ್ಲ ಅದರಲ್ಲಿ ಮಂದವಾಗಿ ಕೂತಿರುತ್ತದೆ. ಬರೀ ಅದನ್ನೇ ತಿಂಗಳುಗಟ್ಟಲೆ ಹಾಕಿದರೆ ಮಣ್ಣು ಕೆಡುತ್ತದೆ. ನಾನದನ್ನು ನೆಲ ಒರೆಸಲು ಇಟ್ಟುಕೊಂಡಿದ್ದೇನೆ. ಅದಕ್ಕಿಂತ ದೊಡ್ಡ ಸಂಪತ್ತು ತಾರಸಿಯಲ್ಲಿದೆ: ಸಾವಿರ ಚದರ ಅಡಿಯ ತಾರಸಿಗೆ 20 ಮಿಲಿಮೀಟರಿನ ಒಂದು ಮಳೆ ಬಿದ್ದರೆ, ಚರಂಡಿ ಪಾಲಾದದ್ದು ಕಳೆದರೂ ಸಾವಿರದೈನೂರು ಲೀಟರಿಗೆ ಮೋಸವಿಲ್ಲ.

ಬೇಸಿಗೆಯ ಪಾಠವನ್ನು ಬೇಸಿಗೆಗೇ ಇಟ್ಟುಕೊಳ್ಳಬೇಕು ಎಂಬುದನ್ನೂ ಕಲಿತೆ. ಮಳೆಗಾಲದ ನಡುವೆ ಹುಲ್ಲು ತೇಪೆ ತೇಪೆಯಾಗಿ ಒಣಗಿ, ಎಳೆದರೆ ಚಾಪೆಯ ಹಾಗೆ ಸುತ್ತಿಕೊಂಡು ಬಂದರೆ, ಅದಕ್ಕೆ ನೀರು ಮದ್ದಲ್ಲ. ಕೆಳಗೆ ಗೊಣ್ಣೆ ಹುಳು ಬೇರು ತಿಂದಿರುತ್ತದೆ. ಮೊದಲ ಮಳೆಗೆ ನೆಲದಿಂದೆದ್ದು ಬೇವಿನ ಮರಕ್ಕೆ ಮುತ್ತುವ ದುಂಬಿಗಳ ಮರಿಗಳವು. ಕಂದು ಬಣ್ಣ ಒಂದೇ, ಕಾರಣ ಬೇರೆ ಬೇರೆ. ಕುರ್ಪಿ ಹಾಕಿ ಬೇರು ನೋಡದೆ ಮದ್ದು ಮಾಡಬಾರದು.

2025ರ ಬೇಸಿಗೆಯಲ್ಲಿ ನಮ್ಮ ಲಾನ್ ಉಳಿಯಿತು. ಇದನ್ನು ಹೇಳುವಾಗ ಎದೆಯುಬ್ಬಿಸುವಂತಿಲ್ಲ. ಮಾರ್ಚ್ ಕೊನೆಗೇ ಒಂದು ಮಳೆ ಸಿಕ್ಕಿತು, ಏಪ್ರಿಲ್, ಮೇನಲ್ಲೂ ಸಿಕ್ಕಿತು. ನನ್ನ ಪಾಲೆಷ್ಟು, ಮಳೆಯ ಪಾಲೆಷ್ಟು ಎಂಬುದು ಇನ್ನೊಂದು 2024 ಬಂದಾಗಲೇ ಗೊತ್ತಾಗಬೇಕು. ಗೊತ್ತಾದದ್ದು ಒಂದು: ಹುಲ್ಲು ನಡುವೆ ಕೆಲ ವಾರ ಒಣಹುಲ್ಲಿನ ಬಣ್ಣಕ್ಕೆ ಬಂತು, ನಾನು ಸುಮ್ಮನಿದ್ದೆ, ಅದು ತಿರುಗಿ ಬಂತು.

ಲಂಡನ್ನಿಗೆ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರ್ ಆಸುಪಾಸು, ಬೆಂಗಳೂರಿಗೆ 950ಕ್ಕೂ ಹೆಚ್ಚು. ಅಲ್ಲಿ ಅದು ಹನ್ನೆರಡು ತಿಂಗಳಿಗೂ ಹಂಚಿ ಜಿನುಗುತ್ತದೆ. ಇಲ್ಲಿ ಬಹುಪಾಲು ಮೇಯಿಂದ ಅಕ್ಟೋಬರಿನೊಳಗೆ ಸುರಿದು ಮುಗಿಯುತ್ತದೆ. ವರ್ಷಪೂರ್ತಿ ಹಸಿರಿರುವ ಅಂಗಳದ ಕಲ್ಪನೆ ಆ ಜಿನುಗು ಮಳೆಯ ನಾಡಿನದು. ನಮ್ಮ ಗರಿಕೆಗೆ ನಮ್ಮ ಹವೆ ಗೊತ್ತಿದೆ, ಬೇಸಿಗೆಯಲ್ಲಿ ಒಣಗಿ ನಿಂತು ಮಳೆಗೆ ಏಳುವುದು ಅದಕ್ಕೆ ಹೊಸದಲ್ಲ. ಅದಕ್ಕೆ ಬಿಡುವು ಕೊಡಲು ಮನೆಯ ಯಜಮಾನನಿಗೆ ತಾಳ್ಮೆ ಇರಬೇಕು, ಗೇಟಿನ ಹತ್ತಿರ ನಿಂತವರ ಮಾತು ಕೇಳಿಸಿಕೊಳ್ಳದ ಕಿವಿ ಇರಬೇಕು. ಇಲ್ಲ, ಏಪ್ರಿಲ್‌ನಲ್ಲೂ ಹಸಿರೇ ಬೇಕು ಎನ್ನುವವರು ಜನವರಿಯಲ್ಲೇ ಕೂತು ಲೀಟರಿನ ಲೆಕ್ಕ ಹಾಕಲಿ. ಲೆಕ್ಕ ಕೂಡದಿದ್ದರೆ ಲಾನನ್ನು ಕತ್ತರಿಸಬೇಕಾದದ್ದು ಎತ್ತರದಲ್ಲಲ್ಲ, ವಿಸ್ತೀರ್ಣದಲ್ಲಿ.